ಬೈಲು ಗದ್ದೆಯ ಭತ್ತದಲ್ಲಿ ಕಂದು ಚುಕ್ಕೆ: ಕಬ್ಬಿಣ ಹೆಚ್ಚಾದದ್ದೋ, ಸತು ಕಡಿಮೆಯಾದದ್ದೋ?

ಪ್ರಶ್ನೆ (ಬ್ರಹ್ಮಾವರ ಸಮೀಪದ ಕೃಷಿಕ): ನಮ್ಮ ಬೈಲು ಗದ್ದೆಯಲ್ಲಿ (ನೀರು ನಿಲ್ಲುವ ತಗ್ಗಿನ ಗದ್ದೆ) ನಾಟಿ ಮಾಡಿ ಒಂದು ತಿಂಗಳಾಗಿದ್ದು, ಕೆಳಗಿನ ಎಲೆಗಳ ತುದಿಯಿಂದ ಕಂದು ಚುಕ್ಕೆಗಳು ಹರಡುತ್ತಿವೆ. ನೀರಿನ ಮೇಲೆ ಎಣ್ಣೆಯಂಥ ಕೆಂಪು ಪದರವಿದೆ. ಸತುವಿನ ಸಲ್ಫೇಟ್ ಹಾಕಬೇಕೆಂದು ನೆರೆಯವರು ಹೇಳುತ್ತಾರೆ. ಅದು ಸರಿಯೇ?

ಉತ್ತರ 1: ಆ ಪದರವನ್ನು ಕೋಲಿನಿಂದ ಕದಡಿ ನೋಡಿ. ಅದು ಚೂರುಚೂರಾಗಿ ಒಡೆದರೆ ಎಣ್ಣೆಯಲ್ಲ, ಕಬ್ಬಿಣ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ) ಹುಳಿ ಮಣ್ಣಿನಲ್ಲಿ ಕಬ್ಬಿಣ ಧಾರಾಳವಾಗಿದ್ದು, ನೀರು ನಿಂತು ಗಾಳಿ ಕಡಿಮೆಯಾದಾಗ ಅದು ಕರಗುವ ರೂಪಕ್ಕೆ ತಿರುಗಿ ಬೇರುಗಳೊಳಗೆ ಸೇರುತ್ತದೆ. ಮಳೆ ಬಿಟ್ಟಾಗ ಗದ್ದೆಯ ನೀರನ್ನು ಬಸಿದು, ಪೊಟ್ಯಾಷ್ ಕೊಡಿ. ಮಣ್ಣಿನ ಹುಳಿ ತಗ್ಗಿಸುವ ಸುಣ್ಣವನ್ನು ಮುಂದಿನ ಉಳುಮೆಗೆ ಇಟ್ಟುಕೊಳ್ಳಿ.

ಉತ್ತರ 2: ನೆರೆಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ, ಏಕೆಂದರೆ ಕರಗಿದ ಕಬ್ಬಿಣ ಅತಿಯಾದಾಗ ಗಿಡವು ಸತುವನ್ನು ಹೀರುವುದೂ ಕುಗ್ಗುತ್ತದೆ. ಆದರೆ ಸತುವಿನ ಕೊರತೆಯಲ್ಲಿ ಎಳೆಯ ಎಲೆಗಳ ನಡುನರ ಬುಡದ ಬಳಿ ಬಿಳಿಚಿಕೊಳ್ಳುತ್ತದೆ. ನೀವು ಅದನ್ನು ಹೇಳಿಲ್ಲ. ತಳಿಯ ವಿಚಾರವೂ ಇದೆ. ಕೆಲವು ತಳಿಗಳು ಕಾಂಡದಿಂದ ಬೇರಿಗೆ ಆಮ್ಲಜನಕವನ್ನು ಇಳಿಸಿ, ಕಬ್ಬಿಣವನ್ನು ಬೇರಿನ ಹೊರಮೈಯಲ್ಲೇ ತುಕ್ಕಾಗಿಸಿ ತಡೆಯುತ್ತವೆ. ಇನ್ನು ಕೆಲವು ಒಳಗೆ ಬಂದದ್ದನ್ನು ಜೀವಕೋಶದ ರಸದಾನಿಗಳಲ್ಲಿ (ಕೋಶದೊಳಗಿನ ರಸ ತುಂಬಿದ ಚೀಲಗಳು) ಬಂಧಿಸಿಡುತ್ತವೆ. ವಿರಳವಾದ ಸತುವನ್ನು ಮಣ್ಣಿನಿಂದ ಸೆಳೆಯುವ ಸಾಮರ್ಥ್ಯ ಬೇರೆಯೇ ಗುಣ, ಒಂದಿದ್ದರೆ ಇನ್ನೊಂದೂ ಇರಬೇಕೆಂದಿಲ್ಲ.

ಪ್ರಶ್ನಿಸಿದವರು: ಕದಡಿದಾಗ ಪದರ ಒಡೆಯಿತು. ಕಿತ್ತ ಬೇರುಗಳೂ ಕೆಂಗಂದಾಗಿವೆ. ನಾಳೆ ಕಟ್ಟಹುಣಿ (ಗದ್ದೆಯ ಬದು) ಕಡಿದು ನೀರು ಬಿಡುತ್ತೇನೆ.