ಮೊದಲ ಮಗನಿಗೆ ಆಟಿಸಂ ಇದೆ: ತೋಟದ ಔಷಧಿ ಕಾರಣವೇ, ಎರಡನೆಯ ಮಗುವಿಗೂ ಬರಬಹುದೇ?

ಪ್ರಶ್ನೆ: ಸುಂಟಿಕೊಪ್ಪದ ತಾಯಿ

ಎಲ್ಲರಿಗೂ ನಮಸ್ಕಾರ. ಮೂರೂವರೆ ವರ್ಷದ ನನ್ನ ಮಗನಿಗೆ ಆಟಿಸಂ ಇದೆಯೆಂದು ಕಳೆದ ತಿಂಗಳು ವೈದ್ಯರು ತಿಳಿಸಿದರು. ಕಣದಲ್ಲಿ ಹರವಿದ ಕಾಫಿಯನ್ನು ಒಂದೊಂದಾಗಿ ಆಯ್ದು ಗಂಟೆಗಟ್ಟಲೆ ಸಾಲು ಜೋಡಿಸುತ್ತಾನೆ. ದೂರದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಶುರುವಾದರೆ ಕಿವಿ ಮುಚ್ಚಿಕೊಳ್ಳುವವನು, ಪಕ್ಕದಲ್ಲೇ ನಿಂತು ಹೆಸರು ಹಿಡಿದು ಕರೆದರೂ ತಿರುಗುವುದಿಲ್ಲ. ಅವನು ಹೊಟ್ಟೆಯಲ್ಲಿದ್ದಾಗ ಕಾಫಿ ಗಿಡದ ಕಾಂಡಕೊರಕ ಹುಳುವಿಗೆಂದು ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಅಳೆದು ಡ್ರಮ್ಮಿಗೆ ಸುರಿದವಳು ನಾನೇ. ಅತ್ತೆಯವರು ಅದನ್ನೇ ಎತ್ತಿ ಆಡುತ್ತಾರೆ, ನೆರೆಯವರು ಚುಚ್ಚುಮದ್ದಿನತ್ತ ಬೆರಳು ತೋರುತ್ತಾರೆ. ನನ್ನ ಸೋದರಮಾವನಿಗೂ ಮಾತು ತಡವಾಗಿ ಬಂದಿತ್ತಂತೆ. ಇನ್ನೊಂದು ಮಗು ಬೇಕೆಂಬ ಆಸೆಯಿದೆ, ಧೈರ್ಯ ಸಾಲದು. ತಿಳಿದವರು ದಯವಿಟ್ಟು ಉತ್ತರಿಸಿ.

ಉತ್ತರ: ಮಕ್ಕಳ ವೈದ್ಯ, ಮಡಿಕೇರಿ

ನಮಸ್ಕಾರ ಅಮ್ಮ. ಚುಚ್ಚುಮದ್ದಿನ ಮಾತನ್ನು ಮೊದಲು ಬಿಟ್ಟುಬಿಡಿ. ಆ ಗುಮಾನಿಗೆ ಮೂಲವಾದ 1998ರ ಲೇಖನ ಕೇವಲ 12 ಮಕ್ಕಳನ್ನು ಕುರಿತದ್ದು, ಪ್ರಕಟಿಸಿದ ಪತ್ರಿಕೆಯೇ ಅದನ್ನು 2010ರಲ್ಲಿ ಹಿಂತೆಗೆದುಕೊಂಡಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿದ 2019ರ ಅಧ್ಯಯನದಲ್ಲಿ ಯಾವ ಸಂಬಂಧವೂ ಕಾಣಲಿಲ್ಲ.

ಆಟಿಸಂನಲ್ಲಿ ವಂಶವಾಹಿಗಳ ಪಾಲೇ ದೊಡ್ಡದು. ಐದು ದೇಶಗಳ ಸುಮಾರು 20 ಲಕ್ಷ ಮಕ್ಕಳ ದಾಖಲೆಗಳಿಂದ ಅದು ಶೇ 80ರಷ್ಟಿರಬಹುದೆಂದು 2019ರಲ್ಲಿ ಅಂದಾಜಿಸಲಾಯಿತು. ಹಾಗೆಂದು ಮನೆತನದಲ್ಲಿ ಯಾರಿಗಾದರೂ ಇರಲೇಬೇಕೆಂದಿಲ್ಲ, ಏಕೆಂದರೆ ಕೆಲವು ಬದಲಾವಣೆಗಳು ಅಂಡಾಣು ಅಥವಾ ವೀರ್ಯಾಣುವಿನಲ್ಲೇ ಹೊಸದಾಗಿ ಹುಟ್ಟುತ್ತವೆ. ನಿಮ್ಮ ಸೋದರಮಾವನಿಗೆ ಮಾತು ತಡವಾದದ್ದರಿಂದಲೇ ಏನನ್ನೂ ನಿರ್ಣಯಿಸಲಾಗದು.

ಔಷಧಿಯ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಕ್ಲೋರ್‌ಪೈರಿಫಾಸ್ ಸೇರಿದ ವರ್ಗದ ಕೀಟನಾಶಕ ಸಿಂಪಡಿಸುತ್ತಿದ್ದ ಹೊಲಗಳ ಹತ್ತಿರ ಗರ್ಭಿಣಿಯರಾಗಿ ವಾಸವಿದ್ದವರ ಮಕ್ಕಳಲ್ಲಿ ಅಪಾಯ ಸುಮಾರು ಶೇ 60ರಷ್ಟು ಹೆಚ್ಚಿತ್ತೆಂದು ಕ್ಯಾಲಿಫೋರ್ನಿಯಾದ 2014ರ ಅಧ್ಯಯನ ಹೇಳಿತು. ಕೇಳಲು ಭಯವಾಗುತ್ತದೆ, ಆದರೆ ಲೆಕ್ಕ ಹಾಕಿ ನೋಡಿ: ಸಾವಿರ ಮಕ್ಕಳಲ್ಲಿ ಹತ್ತು ಮಂದಿಗೆ ಆಟಿಸಂ ಇರುವ ಕಡೆ ಅದು ಹದಿನಾರಾಗುತ್ತದೆ, ಉಳಿದ 984 ಮಕ್ಕಳಿಗೆ ಇರುವುದಿಲ್ಲ. ಆದ್ದರಿಂದ ನಿಮ್ಮ ಮಗನಿಗೆ ಆ ಡ್ರಮ್ಮಿನಿಂದಲೇ ಬಂತೆಂದು ನಾನಾಗಲಿ ನಿಮ್ಮತ್ತೆಯವರಾಗಲಿ ಹೇಳಲು ಬರುವುದಿಲ್ಲ.

ಎರಡನೆಯ ಮಗುವಿನ ವಿಷಯ: ಅಣ್ಣ ಅಥವಾ ಅಕ್ಕನಿಗೆ ಆಟಿಸಂ ಇದ್ದಾಗ ಸುಮಾರು ಐದರಲ್ಲಿ ಒಂದು ಮಗುವಿಗೆ ಬರುತ್ತದೆ, ಗಂಡುಮಕ್ಕಳಲ್ಲಿ ಹೆಚ್ಚು. ತಂದೆತಾಯಿಯರ ವಯಸ್ಸು, ಅವಧಿಗೆ ಮುನ್ನ ಹೆರಿಗೆ, ಗರ್ಭಿಣಿಯ ಸಕ್ಕರೆ ಕಾಯಿಲೆ ಇವೂ ಅಪಾಯವನ್ನು ಸ್ವಲ್ಪಮಟ್ಟಿಗೆ ಏರಿಸುತ್ತವೆ. ಮೂರ್ಛೆರೋಗಕ್ಕೆ ವಾಲ್‌ಪ್ರೊಯೇಟ್ ಮಾತ್ರೆ ನುಂಗುತ್ತಿದ್ದರೆ ತಾವಾಗಿಯೇ ನಿಲ್ಲಿಸದೆ, ಗರ್ಭ ಧರಿಸುವ ಮೊದಲೇ ವೈದ್ಯರನ್ನು ಕಂಡು ಬದಲಿಸಿಕೊಳ್ಳಿ. ಫೋಲಿಕ್ ಆಮ್ಲವನ್ನು ಒಂದು ತಿಂಗಳು ಮುಂಚೆಯೇ ಆರಂಭಿಸಿ. ಹಾಗೆ ಮಾಡಿದ ತಾಯಂದಿರ ಮಕ್ಕಳಲ್ಲಿ ಆಟಿಸಂ ಕಡಿಮೆ ಕಂಡದ್ದು ನಾರ್ವೆಯ 2013ರ ಅಧ್ಯಯನದಲ್ಲಿ ದಾಖಲಾಗಿದೆ.

ಉತ್ತರ: ವಿರಾಜಪೇಟೆಯ ತಾಯಿ

ತಂಗಿ, ನನ್ನ ಮಗನಿಗೆ ಈಗ ಹತ್ತು ವರ್ಷ. ನಾನು ಕೆಲಸಕ್ಕೆ ಹೋದದ್ದರಿಂದ ಹೀಗಾಯಿತೆಂದು ನನ್ನವರೇ ಹೇಳಿದ್ದರು. ತಾಯಿಯ ಪ್ರೀತಿ ಸಾಲದ್ದಕ್ಕೆ ಆಟಿಸಂ ಬರುತ್ತದೆಂದು ಒಂದು ಕಾಲದಲ್ಲಿ ವೈದ್ಯರೂ ನಂಬಿದ್ದರು. ಅದು ಸುಳ್ಳೆಂದು ತೀರ್ಮಾನವಾಗಿ ದಶಕಗಳೇ ಕಳೆದಿವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಗನ ಮಾತಿನ ತರಬೇತಿಗೆ ವಿಚಾರಿಸಿ, ಕಾರಣ ತಿಳಿಯುವವರೆಗೆ ಕಾಯಬೇಡಿ. ನಾನು ಎರಡನೆಯವಳನ್ನು ಹೆತ್ತಾಗ ದಿನವೂ ಅವಳ ಕಣ್ಣನ್ನೇ ನೋಡುತ್ತಿದ್ದೆ. ಹದಿಮೂರನೆಯ ತಿಂಗಳಲ್ಲಿ ಅವಳು ಸಿಲ್ವರ್ ಮರದ ಮೇಲಿದ್ದ ಮಂಗನತ್ತ ಬೆರಳು ಚಾಚಿ, ನಾನೂ ನೋಡಿದೆನೇ ಎಂದು ನನ್ನ ಮುಖದತ್ತ ತಿರುಗಿದಳು. ಮಗ ಆ ವಯಸ್ಸಿನಲ್ಲಿ ಹಾಗೆ ತೋರಿಸಿರಲಿಲ್ಲ.

ಉತ್ತರ: ಬೆಳೆಗಾರ, ಸೋಮವಾರಪೇಟೆ

ವೈದ್ಯರ ಮಾತಿಗೆ ತೋಟದ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತ ಮತ್ತು ಸುಣ್ಣದ್ದು, ಅದನ್ನೂ ಕ್ಲೋರ್‌ಪೈರಿಫಾಸನ್ನೂ ಒಂದೇ ಎಂದು ಭಾವಿಸಬೇಡಿ. ಕಾಂಡಕೊರಕಕ್ಕೆ ನಾವು ಸಡಿಲ ತೊಗಟೆಯನ್ನು ಉಜ್ಜಿ ತೆಗೆದು ಸುಣ್ಣದ ನೀರು ಬಳಿಯುತ್ತೇವೆ, ನೆರಳನ್ನೂ ಅತಿಯಾಗಿ ಕಡಿಯುವುದಿಲ್ಲ. ಕೀಟನಾಶಕ ಬಳಸಲೇಬೇಕಾದರೆ ಬೆರೆಸುವ ಕೆಲಸದಿಂದ ನೀವು ಪೂರ್ತಿ ದೂರವಿರಿ, ಸಿಂಪಡಿಸಿದವರ ಬಟ್ಟೆಯನ್ನು ಮನೆಯ ಬಟ್ಟೆಯೊಡನೆ ನೆನೆಹಾಕಬೇಡಿ. ತೋಟದ ಹೆಣ್ಣಾಳುಗಳಲ್ಲಿ ಬಸುರಿಯರಿದ್ದರೆ ಅವರನ್ನೂ ಅಂದು ಬೇರೆ ಕೆಲಸಕ್ಕೆ ಕಳುಹಿಸಿ.