ಐವನ್‌ಹೋ ಟಿವಿ ಸಿನಿಮಾ (1982): ಕೊನೆ ಬದಲಾಯಿಸಿದ್ದಾರೆ, ಮಕ್ಕಳಿಗೆ ಯಾವುದನ್ನು ಮೊದಲು ಕೊಡಲಿ?

ಸರಸ್ವತಿಪುರಂ ಓದುಗಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಮೈಸೂರಿನ ನಮ್ಮ ಮನೆ ಜಗಲಿಯಲ್ಲಿ ಎಂಟು ಮಕ್ಕಳು ಸೇರಿ ಓದುತ್ತಾರೆ, ಎಂಟನೇ ಕ್ಲಾಸಿನಿಂದ ಹಿಡಿದು ಮೊದಲ ಪಿಯುಸಿವರೆಗಿನವರು. ಈ ಸಲ ವಾಲ್ಟರ್ ಸ್ಕಾಟ್ ಬರೆದ ಐವನ್‌ಹೋ ಹಿಡಿದಿದ್ದೇವೆ. ನಮ್ಮ ತಂದೆಯವರಿಗೆ ಹೈಸ್ಕೂಲಿನಲ್ಲಿ ನಾನ್‌ಡೀಟೇಲ್ ಆಗಿದ್ದ ಪುಸ್ತಕ, ಸಂಗ್ರಹ ಆವೃತ್ತಿ. ಅಂಚಿನಲ್ಲಿ ಅವರು ಪೆನ್ಸಿಲ್‌ನಲ್ಲಿ ಬರೆದುಕೊಂಡ ಅರ್ಥಗಳು ಇನ್ನೂ ಹಾಗೇ ಇವೆ, "ಲಾನ್ಸ್ = ಈಟಿ, ಭರ್ಜಿ" ಅಂತ. ಮಕ್ಕಳಿಗೆ ಕಥೆಗಿಂತ ಮೊದಲು ಆ ಅಕ್ಷರಗಳೇ ಇಷ್ಟವಾದವು.

ಮುಕ್ಕಾಲು ಭಾಗ ಮುಗಿದಿದೆ. ಮುಗಿದ ಮೇಲೆ 1982ರ ಟಿವಿ ಸಿನಿಮಾ ತೋರಿಸೋಣ ಅಂತ ನಾನೊಬ್ಬಳೇ ಕೂತು ಮೊದಲು ನೋಡಿದೆ. ಆಂಥನಿ ಆಂಡ್ರ್ಯೂಸ್ ಐವನ್‌ಹೋ, ಸ್ಯಾಮ್ ನೀಲ್ ಬ್ರಿಯಾನ್, ಒಲಿವಿಯಾ ಹಸ್ಸಿ ರೆಬೆಕ್ಕಾ, ಅವಳ ಅಪ್ಪ ಐಸಾಕ್ ಆಗಿ ಜೇಮ್ಸ್ ಮೇಸನ್. ತುಂಬಾ ಇಷ್ಟವಾಯಿತು. ಆದರೆ ಕೊನೆಗೆ ಬಂದಾಗ ಎದ್ದು ಕೂತೆ.

ಓದದೇ ಇರುವವರಿಗೆ ಹೇಳುತ್ತೇನೆ. ರೆಬೆಕ್ಕಾ ಯಹೂದಿ ಹುಡುಗಿ, ಗಾಯಕ್ಕೆ ಔಷಧ ಮಾಡಬಲ್ಲವಳು. ಅದಕ್ಕೇ ಅವಳನ್ನು ಮಾಟಗಾತಿ ಅಂತ ವಿಚಾರಣೆಗೆ ನಿಲ್ಲಿಸುತ್ತಾರೆ. ಅವಳ ಪರವಾಗಿ ಒಬ್ಬ ವೀರ ಬಂದು ಹೋರಾಡಿ ಗೆದ್ದರೆ ಬಿಡುಗಡೆ, ಇಲ್ಲದಿದ್ದರೆ ಬೆಂಕಿ. ಎದುರು ನಿಲ್ಲಬೇಕಾದವನು ಅವಳನ್ನೇ ಹೊತ್ತು ತಂದ, ಅವಳಿಗಾಗಿಯೇ ಒದ್ದಾಡುವ ಬ್ರಿಯಾನ್. ಕಾದಂಬರಿಯಲ್ಲಿ ಐವನ್‌ಹೋ ಗಾಯ ಪೂರ್ತಿ ಮಾಯದ ಮೈಯಲ್ಲಿ, ಸುಸ್ತಾದ ಕುದುರೆ ಮೇಲೆ ಬರುತ್ತಾನೆ, ಮೊದಲ ಹೊಡೆತಕ್ಕೇ ಕುದುರೆ ಸಮೇತ ಬೀಳುತ್ತಾನೆ. ಅವನ ಭರ್ಜಿ ಬ್ರಿಯಾನ್‌ನ ಗುರಾಣಿಗೆ ತಾಕಿಯೂ ತಾಕದ ಹಾಗೆ ಇರುತ್ತದೆ, ಆದರೂ ಬ್ರಿಯಾನ್ ಬೀಳುತ್ತಾನೆ. ಶಿರಸ್ತ್ರಾಣ ತೆಗೆದು ನೋಡಿದರೆ ಪ್ರಾಣ ಹೋಗಿದೆ. ಅವನ ಒಳಗಿನ ಹೊಯ್ದಾಟವೇ ಅವನನ್ನು ಕೊಂದಿತು ಅನ್ನುತ್ತಾನೆ ಸ್ಕಾಟ್. ಸಿನಿಮಾದಲ್ಲಿ ಹಾಗಿಲ್ಲ. ಐವನ್‌ಹೋ ಚೇತರಿಸಿಕೊಂಡಿದ್ದಾನೆ, ಕಾಳಗ ಜೋರಾಗಿ ನಡೆಯುತ್ತದೆ, ಬ್ರಿಯಾನ್‌ಗೆ ಮೇಲುಗೈ ಸಿಗುತ್ತದೆ, ಸಿಕ್ಕ ಮೇಲೆ ಕತ್ತಿ ಕೆಳಗಿಳಿಸಿ ತನ್ನನ್ನು ಕೊಲ್ಲಲು ಬಿಡುತ್ತಾನೆ.

ನನ್ನ ಪ್ರಶ್ನೆ ಇಷ್ಟೇ. ಮಕ್ಕಳು ಇನ್ನೂ ಆ ಅಧ್ಯಾಯಕ್ಕೆ ಬಂದಿಲ್ಲ. ಸಿನಿಮಾ ಮೊದಲು ನೋಡಿದರೆ ಸ್ಕಾಟ್ ಬರೆದ ಸಾವು ಅವರಿಗೆ ಸಪ್ಪೆ ಅನಿಸುತ್ತದಾ? ಅಥವಾ ಓದಿದ ಮೇಲೆ ನೋಡಿದರೆ ಸಿನಿಮಾ ಮೋಸ ಅನಿಸುತ್ತದಾ? ಇಂಥದ್ದನ್ನು ಕ್ಲಾಸಿನಲ್ಲಿ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಯಾದವಗಿರಿ ಮೇಷ್ಟ್ರು

ಮೇಡಂ, ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವನು ನಾನು, ಅದರಲ್ಲಿ ಈ ಪುಸ್ತಕವೂ ಒಂದು. ಖಂಡಿತ ಮೊದಲು ಓದಿಸಿ. ಕಾರಣ ಹೇಳುತ್ತೇನೆ.

ಅಂಥ ಕಾಳಗವನ್ನು ಆ ಕಾಲದವರು ದೇವರ ತೀರ್ಪು ಅಂತ ನಂಬಿದ್ದರು. ಯಾರ ತೋಳಿನಲ್ಲಿ ಬಲ ಜಾಸ್ತಿ ಅನ್ನೋದು ಅಲ್ಲಿ ಪ್ರಶ್ನೆಯೇ ಅಲ್ಲ, ಸತ್ಯ ಯಾರ ಕಡೆ ಇದೆ ಅನ್ನೋದು ಪ್ರಶ್ನೆ. ಅದಕ್ಕೇ ಸ್ಕಾಟ್ ಬೇಕೆಂದೇ ಐವನ್‌ಹೋನನ್ನು ದುರ್ಬಲ ಮಾಡಿ ಕಳಿಸುತ್ತಾನೆ. ಗೆಲ್ಲಲಾಗದವನು ಗೆದ್ದರೆ ತಾನೇ ಅದು ತೀರ್ಪು? ಸುತ್ತ ನಿಂತವರಿಗೆ ಅದು ದೇವರ ಕೈ. ಓದುವ ನಮಗೆ ಅದು ಒಬ್ಬ ಮನುಷ್ಯನ ಎದೆ ಒಡೆದದ್ದು. ಎರಡೂ ಒಂದೇ ಸಾವಿನಲ್ಲಿ ಇವೆ. ನನ್ನ ಮಟ್ಟಿಗೆ ಇಡೀ ಪುಸ್ತಕದ ಅತ್ಯಂತ ದೊಡ್ಡ ಜಾಗ ಅದೇ.

ಆದರೆ ಸಿನಿಮಾದವರನ್ನು ನಾನು ಬೈಯಲಾರೆ. ಕಬ್ಬಿಣದ ಟೋಪಿ ಒಳಗೆ ಒಬ್ಬನ ಮನಸ್ಸು ಎರಡಾಗಿ ಸೀಳುವುದನ್ನು ಕ್ಯಾಮೆರಾ ಹೇಗೆ ತೋರಿಸಬೇಕು ಹೇಳಿ? ಹಾಗೇ ತೋರಿಸಿದ್ದರೆ ನೋಡುವವರು ಹೃದಯಾಘಾತ ಅಂದುಕೊಳ್ಳುತ್ತಿದ್ದರು. ಒಳಗೆ ನಡೆದದ್ದನ್ನು ಹೊರಗೆ ತರಲು ಅವರಿಗೆ ಕೈಗೆ ಸಿಕ್ಕಿದ್ದು ಕತ್ತಿ, ಅದನ್ನು ಇಳಿಸಿದರು. ಸ್ಯಾಮ್ ನೀಲ್ ಮುಖ ನೋಡಿ, ಆ ನಿರ್ಧಾರ ಸುಳ್ಳು ಅನಿಸುವುದಿಲ್ಲ. ನನಗೆ ಬೇಜಾರಾಗುವುದು ಬೇರೆ ವಿಷಯಕ್ಕೆ. ಐವನ್‌ಹೋನ ಗಾಯ ಮಾಯಿಸಿದ್ದು. ಅದು ಬೇಡವಾಗಿತ್ತು. ನಾಯಕ ಬಿದ್ದರೂ ಗೆಲ್ಲುವುದೇ ಈ ಕಥೆಯ ಜೀವ, ಗಟ್ಟಿಮುಟ್ಟಾದ ನಾಯಕ ಕತ್ತಿ ಇಳಿಸಿದವನನ್ನು ಕೊಂದರೆ ಮಕ್ಕಳ ಕಣ್ಣಲ್ಲಿ ಅವನೇ ಸಣ್ಣವನಾಗುತ್ತಾನೆ.

ಇನ್ನೊಂದು ವಿಷಯ ಮಕ್ಕಳಿಗೆ ಹೇಳಿ. ಸ್ಕಾಟ್ ಇದನ್ನು ಬರೆದಾಗ ಹೊಟ್ಟೆ ನೋವಿನಿಂದ ನರಳುತ್ತಿದ್ದ, ಎಷ್ಟೋ ಭಾಗವನ್ನು ಬಾಯಲ್ಲಿ ಹೇಳಿ ಬರೆಸಿದ. 1819ರ ಡಿಸೆಂಬರ್‌ನಲ್ಲಿ ಪುಸ್ತಕ ಬಂತು. ಬಂದ ಕೂಡಲೇ ಓದುಗರ ತಕರಾರು, ಐವನ್‌ಹೋ ರೆಬೆಕ್ಕಾಳನ್ನು ಯಾಕೆ ಮದುವೆಯಾಗಲಿಲ್ಲ ಅಂತ. 1830ರ ಮುನ್ನುಡಿಯಲ್ಲಿ ಅವನು ಉತ್ತರ ಕೊಟ್ಟ. ಆ ಕಾಲದ ಪೂರ್ವಗ್ರಹಗಳಲ್ಲಿ ಅಂಥ ಮದುವೆ ಸಾಧ್ಯವೇ ಇರಲಿಲ್ಲ, ಜೊತೆಗೆ ಒಳ್ಳೆಯತನಕ್ಕೆ ಲೋಕದ ಸುಖವೇ ಬಹುಮಾನ ಅಂತ ಎಳೆಯರಿಗೆ ಕಲಿಸುವುದು ಸರಿಯಲ್ಲ ಅಂತ. ಇನ್ನೊಬ್ಬ ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಗೆ ಈ ಉತ್ತರ ಸಾಲಲಿಲ್ಲ, ತಾನೇ ಮುಂದಿನ ಕಥೆ ಬರೆದು ಅವರಿಬ್ಬರಿಗೂ ಮದುವೆ ಮಾಡಿಸಿದ! ಕಥೆಯ ಕೊನೆ ಬದಲಾಯಿಸುವ ಆಸೆ ಟಿವಿಯವರಿಗೆ ಮಾತ್ರ ಬಂದದ್ದಲ್ಲ.

ಗಂಜಾಂ ಹುಡುಗ

ಅಕ್ಕಾ, ನಾನು ಮೇಷ್ಟ್ರ ಮಾತಿಗೆ ಒಪ್ಪುವುದಿಲ್ಲ, ಕ್ಷಮಿಸಬೇಕು. ನಾನು ಸಿನಿಮಾ ನೋಡಿಯೇ ಪುಸ್ತಕ ಓದಿದವನು. ಸಿನಿಮಾ ಇಲ್ಲದಿದ್ದರೆ ನಾನು ಆ ಪುಸ್ತಕವನ್ನು ಎಂಟು ಪುಟಕ್ಕೇ ಬಿಡುತ್ತಿದ್ದೆ. ಸ್ಕಾಟ್ ಒಬ್ಬನ ಬಟ್ಟೆ ವರ್ಣಿಸಲು ಒಂದು ಪುಟ ತೆಗೆದುಕೊಳ್ಳುತ್ತಾನೆ, ಯಾರು ಯಾರು ಅಂತ ಮೊದಲೇ ಮುಖ ಗೊತ್ತಿದ್ದರೆ ಓದು ಸಲೀಸು.

ಆದರೆ ಒಂದು ಜಾಗದಲ್ಲಿ ಮಾತ್ರ ಯಾವ ಸಿನಿಮಾವೂ ಪುಸ್ತಕದ ಹತ್ತಿರ ಬರಲಾರದು. ಕೋಟೆಗೆ ಮುತ್ತಿಗೆ ಹಾಕುವ ಭಾಗ. ಐವನ್‌ಹೋ ಒಳಗೆ ಮಂಚದ ಮೇಲೆ ಏಳಲಾರದೆ ಬಿದ್ದಿದ್ದಾನೆ. ರೆಬೆಕ್ಕಾ ಒಂದು ಹಳೇ ಗುರಾಣಿ ಅಡ್ಡ ಹಿಡಿದು ಕಿಟಕಿಯಲ್ಲಿ ನಿಂತು, ಹೊರಗೆ ನಡೆಯುತ್ತಿರುವ ಯುದ್ಧವನ್ನು ನೋಡಿ ನೋಡಿ ಅವನಿಗೆ ಹೇಳುತ್ತಾಳೆ. ಬಾಣ ಮಳೆ ಹಾಗೆ ಬರುತ್ತಿದೆ, ಕಪ್ಪು ಕವಚದವನು ಕೊಡಲಿ ಎತ್ತಿದ, ಬಾಗಿಲು ಮುರಿಯುತ್ತಿದೆ. ಅವನು ಒದ್ದಾಡುತ್ತಾ ಕೇಳುತ್ತಾನೆ, ಆಮೇಲೆ? ಆಮೇಲೆ? ನಮ್ಮ ಸಂಜಯ, ಧೃತರಾಷ್ಟ್ರ ನೆನಪಾದರು. ಒಂದೇ ವ್ಯತ್ಯಾಸ, ಇಲ್ಲಿ ಹೇಳುವವಳಿಗೆ ಯುದ್ಧ ಕಂಡರೇ ಆಗುವುದಿಲ್ಲ, ಕೇಳುವವನು ಅದರಲ್ಲೇ ಹುಟ್ಟಿ ಬೆಳೆದವನು. ಯುದ್ಧದ ನಡುವೆಯೇ ಇಬ್ಬರೂ ಕೀರ್ತಿ ಅಂದರೆ ಏನು ಅಂತ ವಾದಕ್ಕೆ ನಿಲ್ಲುತ್ತಾರೆ. ಗೋರಿ ಮೇಲೆ ತುಕ್ಕು ಹಿಡಿಯುತ್ತಾ ನೇತಾಡುವ ಕವಚ, ಅಷ್ಟೇ ತಾನೇ ನಿಮ್ಮ ಕೀರ್ತಿ ಅನ್ನುವ ಅರ್ಥದಲ್ಲಿ ಅವಳು ಕೇಳುತ್ತಾಳೆ. ಸಿನಿಮಾ ಅಂದಮೇಲೆ ಕ್ಯಾಮೆರಾ ಗೋಡೆಯ ಆಚೆ ಹೋಗಲೇಬೇಕು, ಏಣಿ, ಬೆಂಕಿ, ಕೂಗು ಎಲ್ಲ ತೋರಿಸಲೇಬೇಕು. ಹೋದ ಕೂಡಲೇ ಕಿಟಕಿಗೆ ಕೆಲಸ ಇಲ್ಲ.

ನಾನು ಶ್ರೀರಂಗಪಟ್ಟಣದ ಕೋಟೆ ಗೋಡೆ ನೋಡಿಕೊಂಡೇ ಬೆಳೆದವನು. 1799ರಲ್ಲಿ ಇಂಗ್ಲಿಷರ ಫಿರಂಗಿ ಗೋಡೆ ಒಡೆದ ಜಾಗವನ್ನು ಬಂದ ನೆಂಟರಿಗೆಲ್ಲ ತೋರಿಸುತ್ತೇವೆ. ನೆಂಟರು ಕೇಳುವುದು ಎಲ್ಲಿಂದ ಹೊಡೆದರು, ಎಲ್ಲಿ ಹತ್ತಿದರು ಅಂತ. ಒಳಗೆ ಕಿಟಕಿ ಹತ್ತಿರ ನಿಂತಿದ್ದ ಹೆಣ್ಣುಮಕ್ಕಳಿಗೆ ಏನು ಕಂಡಿತು ಅಂತ ಯಾರೂ ಕೇಳುವುದಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಆ ಅಧ್ಯಾಯ ಓದಿದ ಮೇಲೆ ಆ ಗೋಡೆ ಹತ್ತಿರ ಹೋದರೆ ಅದೇ ಯೋಚನೆ ಬರುತ್ತದೆ.

ಮತ್ತೆ ಮೊದಲ ಅಧ್ಯಾಯದ ಹಂದಿ ಕಥೆಯನ್ನು ಮಕ್ಕಳಿಗೆ ಬಿಡಿಸಿ ಹೇಳಿ. ಹಂದಿ ಕಾಯುವಾಗ ಅದಕ್ಕೆ ಇಂಗ್ಲೆಂಡಿನ ಹಳೇ ಜನರಾದ ಸ್ಯಾಕ್ಸನ್ನರ ಹೆಸರು, ಸ್ವೈನ್. ಬೇಯಿಸಿ ದೊರೆಯ ತಟ್ಟೆಗೆ ಹಾಕಿದರೆ ಅವರನ್ನು ಗೆದ್ದು ಆಳಿದ ನಾರ್ಮನ್ನರ ಹೆಸರು, ಪೋರ್ಕ್. ಕಷ್ಟ ಪಡುವವನದು ಒಂದು ಮಾತು, ತಿನ್ನುವವನದು ಇನ್ನೊಂದು. ನಮ್ಮಲ್ಲೂ ನೋಡಿ, ಉಳುವಾಗ ಅದು ಹೊಲ, ಗದ್ದೆ. ತಹಶೀಲ್ದಾರರ ಮುಂದೆ ಹೋದರೆ ಅದೇ ಜಮೀನು. ಬೆಳೆ ಅಲ್ಲಿ ಫಸಲು ಆಗುತ್ತದೆ. ಇದನ್ನು ನಮ್ಮಪ್ಪನಿಗೆ ಹೇಳಿದಾಗ ಕಬ್ಬಿನ ಗದ್ದೆ ಬದುವಿನ ಮೇಲೆ ಕೂತು ಅರ್ಧ ಗಂಟೆ ಅಂಥದ್ದೇ ಮಾತು ಹುಡುಕಿದರು.

ಜಟ್ಟಿ ಬೀದಿಯಿಂದ

ಚಿಕ್ಕದಾಗಿ ಹೇಳುತ್ತೇನೆ. ಕಥೆಯ ಮೊದಲ ಭಾಗದಲ್ಲಿ ಬರುವ ಭರ್ಜಿ ಪಂದ್ಯದ ದೃಶ್ಯ, ಮುಖ ಮುಚ್ಚಿಕೊಂಡ ವೀರ ಬಂದು ಭರ್ಜಿಯ ಮೊನೆಯಿಂದಲೇ ಬ್ರಿಯಾನ್‌ನ ಗುರಾಣಿಗೆ ಬಡಿದು ಸವಾಲು ಹಾಕುವುದು ಇದೆಯಲ್ಲ, ಅಲ್ಲಿ ಮೊನೆಯಿಂದ ಬಡಿದರೆ ಪ್ರಾಣದ ಆಟ, ಹಿಂದಿನ ತುದಿಯಿಂದ ಬಡಿದರೆ ಬರೀ ಆಟ. ಇದನ್ನು ಮಕ್ಕಳಿಗೆ ಮೊದಲೇ ಹೇಳಿರಿ, ಇಲ್ಲದಿದ್ದರೆ ಆ ಒಂದು ಟಕ್ ಅನ್ನುವ ಸದ್ದಿನ ತೂಕ ತಿಳಿಯುವುದಿಲ್ಲ. ವಿಜಯದಶಮಿ ದಿನ ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ ನೋಡಿದ ಮಕ್ಕಳಿದ್ದರೆ ಬೇಗ ಅರ್ಥವಾಗುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಎದುರುಬದುರು ನಿಲ್ಲುತ್ತಾರೆ, ರಕ್ತ ಚಿಮ್ಮಿದ ಕೂಡಲೇ ನಿಲ್ಲಿಸುತ್ತಾರೆ, ಎಷ್ಟೋ ಸಲ ಒಂದು ನಿಮಿಷವೂ ಹಿಡಿಯುವುದಿಲ್ಲ. ಆಟಕ್ಕೂ ಪ್ರಾಣಕ್ಕೂ ನಡುವೆ ಒಂದು ಗೆರೆ ಹಾಕಿಕೊಂಡಿದ್ದಾರೆ ನೋಡಿ, ಎರಡೂ ಕಡೆ.

ಸಿನಿಮಾ ಎರಡು ಗಂಟೆ ಇಪ್ಪತ್ತು ನಿಮಿಷ ಇದೆ. ನಡುವೆ ತಿಂಡಿಗೆ ಬಿಡಿ.

ಅಗ್ರಹಾರದ ಮೊಮ್ಮಗಳು

ಈ ಚರ್ಚೆ ಓದುತ್ತಾ ನಮ್ಮಜ್ಜಿ ನೆನಪಾಗಿ ಕಣ್ಣು ತುಂಬಿತು. ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಈ ಕಥೆಯ ಅಕ್ಕ ತಂಗಿಯಂಥ ಕಥೆಯೊಂದು ಅವರಿಗೆ ಬಾಯಿಪಾಠ ಇತ್ತು. ಬಂಕಿಮಚಂದ್ರರ ದುರ್ಗೇಶನಂದಿನಿ, ಬಿ. ವೆಂಕಟಾಚಾರ್ಯರ ಕನ್ನಡದಲ್ಲಿ. ಅದರಲ್ಲಿ ಗಾಯಗೊಂಡ ರಜಪೂತ ಜಗತ್ ಸಿಂಹನನ್ನು ಪಠಾಣರ ಮನೆಯ ಆಯೇಷಾ ಉಪಚಾರ ಮಾಡುತ್ತಾಳೆ, ಅವನ ಮೇಲೆ ಮನಸ್ಸಿಟ್ಟುಕೊಳ್ಳುತ್ತಾಳೆ, ಅವನು ಮದುವೆಯಾಗುವುದು ತಿಲೋತ್ತಮೆಯನ್ನು. 1865ರಲ್ಲಿ ಅದು ಬಂದಾಗ ಐವನ್‌ಹೋ ನೋಡಿಯೇ ಬರೆದದ್ದು ಅಂತ ಜನ ಅಂದರು, ಬರೆಯುವ ಮೊದಲು ಅದನ್ನು ಓದಿಯೇ ಇರಲಿಲ್ಲ ಅಂತ ಬಂಕಿಮರು ಹೇಳಿದರು. ನಾನು ಬಂಕಿಮರ ಮಾತು ನಂಬುತ್ತೇನೆ.

ನಾನು ಹೇಳಬೇಕಾಗಿರುವುದು ಒಡವೆ ಪೆಟ್ಟಿಗೆ ಬಗ್ಗೆ. ಪುಸ್ತಕದ ಕೊನೆಯಲ್ಲಿ ಐವನ್‌ಹೋ ಮದುವೆಯಾಗುವುದು ರೊವೀನಾ ಅನ್ನುವ ಸ್ಯಾಕ್ಸನ್ ಹುಡುಗಿಯನ್ನು. ಮದುವೆಯಾದ ಎರಡನೇ ದಿನ ರೆಬೆಕ್ಕಾ ರೊವೀನಾಳ ಕೋಣೆಗೆ ಬರುತ್ತಾಳೆ. ಮಂಡಿಯೂರುತ್ತಾಳೆ. ನಿಮ್ಮ ಮುಸುಕು ಒಂದು ಸಲ ತೆಗೆಯಿರಿ, ಮುಖ ನೋಡುತ್ತೇನೆ ಅನ್ನುತ್ತಾಳೆ. ಆಮೇಲೆ ಒಂದು ಸಣ್ಣ ಬೆಳ್ಳಿ ಕೆಲಸದ ಪೆಟ್ಟಿಗೆ ಕೊಡುತ್ತಾಳೆ, ಒಳಗೆ ವಜ್ರದ ಹಾರ, ಓಲೆ. ನಾನು ಇನ್ನು ಒಡವೆ ಹಾಕುವುದಿಲ್ಲ ಅನ್ನುತ್ತಾಳೆ. ಅಪ್ಪನ ಜೊತೆ ದೇಶ ಬಿಟ್ಟು ಸ್ಪೇನಿನ ಗ್ರಾನಡಾಕ್ಕೆ ಹೋಗುತ್ತಾಳೆ, ಕಾಯಿಲೆಯವರ ಸೇವೆಗೆ. ದುರ್ಗೇಶನಂದಿನಿಯಲ್ಲೂ ಆಯೇಷಾ ಮದುವೆ ಮನೆಗೆ ಬಂದು ತನ್ನ ಒಡವೆಗಳನ್ನೆಲ್ಲ ತಿಲೋತ್ತಮೆಗೆ ಹಾಕಿ ಹೋಗುತ್ತಾಳೆ. ಅಜ್ಜಿ ಈ ಜಾಗ ಹೇಳುವಾಗ ತಮ್ಮ ಕೈಬಳೆಯನ್ನು ತಿರುಗಿಸುತ್ತಾ ಕೂರುತ್ತಿದ್ದರು. ಹಾಗೆ ಕೊಡುವವಳಿಗೆ ಹೊಟ್ಟೆಯೊಳಗೆ ಏನಾಗಿರಬೇಡ ಅನ್ನುತ್ತಿದ್ದರು, ಅಷ್ಟೇ.

ಬ್ರಿಯಾನ್ ಹೇಗೆ ಸತ್ತ ಅನ್ನುವುದು ದೊಡ್ಡ ಪ್ರಶ್ನೆಯೇ, ಒಪ್ಪುತ್ತೇನೆ. ಆದರೆ ಪುಸ್ತಕದ ಹೆಸರು ಐವನ್‌ಹೋ ಆದರೂ ಕಥೆ ರೆಬೆಕ್ಕಾಳದ್ದು ಅಲ್ವಾ. ಇದು ಸುಮ್ನೆ ಪ್ರೇಮಕಥೆಯೂ ಅಲ್ಲ. ಕಥೆ ನಡೆಯುವುದು 1194ರಲ್ಲಿ. ಅದಕ್ಕೆ ನಾಲ್ಕೇ ವರ್ಷ ಹಿಂದೆ ಯಾರ್ಕ್ ಊರಿನಲ್ಲಿ ಯಹೂದಿಗಳನ್ನು ಕೋಟೆಯಲ್ಲಿ ಸುತ್ತುಗಟ್ಟಿ, ಸುಮಾರು 150 ಜನ ಸತ್ತಿದ್ದರು. ಅವಳಪ್ಪನ ಹೆಸರೇ ಯಾರ್ಕ್‌ನ ಐಸಾಕ್. 1290ರಲ್ಲಿ ಆ ಜನರನ್ನೆಲ್ಲ ಇಂಗ್ಲೆಂಡಿನಿಂದಲೇ ಓಡಿಸಿದರು. ಸ್ಕಾಟ್ ಕಾದಂಬರಿಯಲ್ಲಿ ಐಸಾಕನನ್ನು ದುಡ್ಡಿಗೆ ನಡುಗುವವನ ಹಾಗೆ ಮಾಡಿ ಅಲ್ಲಲ್ಲಿ ನೋಯಿಸುತ್ತಾನೆ. ಜೇಮ್ಸ್ ಮೇಸನ್ ಆ ಪಾತ್ರಕ್ಕೆ ಘನತೆ ತಂದಿದ್ದಾರೆ. ಇದೊಂದರಲ್ಲಿ ಸಿನಿಮಾ ಪುಸ್ತಕಕ್ಕಿಂತ ಒಳ್ಳೆಯದು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಮೇಸನ್ ಹುಟ್ಟಿದ್ದೂ ಯಾರ್ಕ್‌ಶೈರ್‌ನಲ್ಲೇ.

ಗಂಜಾಂ ಹುಡುಗ

ಅಕ್ಕಾ, ನಿಮ್ಮ ಮಾತು ಓದಿ ಮತ್ತೆ ಕೊನೆ ಅಧ್ಯಾಯ ತೆಗೆದು ನೋಡಿದೆ. ಕೊನೇ ಸಾಲುಗಳಲ್ಲಿ ಸ್ಕಾಟ್ ಹೇಳಿಬಿಟ್ಟಿದ್ದಾನೆ, ಐವನ್‌ಹೋ ರೊವೀನಾ ಜೊತೆ ಚೆನ್ನಾಗೇ ಬಾಳಿದ, ಆದರೆ ರೆಬೆಕ್ಕಾಳ ನೆನಪು ಹೆಂಡತಿ ಮೆಚ್ಚುವುದಕ್ಕಿಂತ ಜಾಸ್ತಿ ಸಲ ಬರುತ್ತಿತ್ತೇನೋ ಅಂತ. ನಾನು ಮೊದಲ ಸಲ ಓದುವಾಗ ಹಾರಿಸಿಬಿಟ್ಟಿದ್ದೆ.

ಅಂದಹಾಗೆ ಸ್ವೀಡನ್ ದೇಶದಲ್ಲಿ ಪ್ರತಿ ಹೊಸ ವರ್ಷದ ದಿನ ಟಿವಿಯಲ್ಲಿ ಇದೇ ಸಿನಿಮಾ ಹಾಕುತ್ತಾರೆ, ಮನೆಮಂದಿ ಕೂತು ನೋಡುತ್ತಾರೆ. ನಮಗೆ ದೇವುಡು ಕಾದಂಬರಿಯಿಂದ ಬಂದ ಮಯೂರ ಇದ್ದ ಹಾಗೆ. ಎಷ್ಟು ಸಲ ಬಂದರೂ ಚಾನೆಲ್ ಬದಲಾಯಿಸಲು ಕೈ ಬರುವುದಿಲ್ಲ.

ಸರಸ್ವತಿಪುರಂ ಓದುಗಿ

ಎಲ್ಲರಿಗೂ ಧನ್ಯವಾದ. ನಿನ್ನೆ ತೋರಿಸಿದೆ. ಮೇಷ್ಟ್ರು ಹೇಳಿದ ಹಾಗೂ ಮಾಡಲಿಲ್ಲ, ಗಂಜಾಂ ತಮ್ಮ ಹೇಳಿದ ಹಾಗೂ ಮಾಡಲಿಲ್ಲ. ಕೋಟೆ ಮುತ್ತಿಗೆಯ ಕಿಟಕಿ ಅಧ್ಯಾಯವನ್ನು ಹಿಂದಿನ ವಾರವೇ ಇಬ್ಬರು ಮಕ್ಕಳಿಂದ ಜೋರಾಗಿ ಓದಿಸಿದೆ, ಒಬ್ಬಳು ರೆಬೆಕ್ಕಾ, ಒಬ್ಬ ಮಂಚದ ಮೇಲೆ ಐವನ್‌ಹೋ. ನಮ್ಮ ಅಡುಗೆಮನೆ ಕಿಟಕಿಯಲ್ಲಿ ಅವಳು ಊಟದ ತಟ್ಟೆ ಅಡ್ಡ ಹಿಡಿದು ನಿಂತಿದ್ದಳು. ನಿನ್ನೆ ಸಿನಿಮಾ ಹಾಕಿ, ಕೊನೆಯ ಕಾಳಗಕ್ಕೆ ಮುಂಚೆ ನಿಲ್ಲಿಸಿ, ಆ ಅಧ್ಯಾಯವನ್ನು ಪುಸ್ತಕದಿಂದ ಓದಿದೆ. ಶಿರಸ್ತ್ರಾಣ ತೆಗೆದು ನೋಡಿದರೆ ಪ್ರಾಣ ಹೋಗಿದೆ ಅಂದಾಗ ಯಾರೂ ಮಾತಾಡಲಿಲ್ಲ. ಆಮೇಲೆ ಸಿನಿಮಾ ಮುಂದುವರಿಸಿದೆ.

ಬ್ರಿಯಾನ್ ಕತ್ತಿ ಇಳಿಸಿದಾಗ ಹತ್ತನೇ ಕ್ಲಾಸಿನ ಹುಡುಗನೊಬ್ಬ ಎದ್ದೇ ನಿಂತ. "ಮಿಸ್, ಸಿನಿಮಾದಲ್ಲಿ ಅವನೇ ಅವಳನ್ನು ಉಳಿಸಿದ. ಪುಸ್ತಕದಲ್ಲಿ ಅವನಿಗೆ ಉಳಿಸೋಕೂ ಆಗಲಿಲ್ಲ, ಕೊಲ್ಲೋಕೂ ಆಗಲಿಲ್ಲ. ಪುಸ್ತಕದವನೇ ಪಾಪ" ಅಂದ. ನಾನು ಏನೂ ಸೇರಿಸಲಿಲ್ಲ.

ಅಗ್ರಹಾರದ ಮೇಡಂ, ನಿಮ್ಮ ಅಜ್ಜಿಯ ದುರ್ಗೇಶನಂದಿನಿ ಪ್ರತಿ ಇನ್ನೂ ಇದ್ದರೆ ಒಂದು ತಿಂಗಳ ಮಟ್ಟಿಗೆ ಕೊಡುತ್ತೀರಾ? ತಟ್ಟೆ ಹಿಡಿದು ನಿಂತಿದ್ದ ಹುಡುಗಿ ಒಡವೆ ಪೆಟ್ಟಿಗೆಯ ಜಾಗ ಎರಡರಲ್ಲೂ ಓದಬೇಕು ಅನ್ನುತ್ತಿದ್ದಾಳೆ.

ಅಗ್ರಹಾರದ ಮೊಮ್ಮಗಳು

ಖಂಡಿತ ಕೊಡುತ್ತೇನೆ. ಬೈಂಡು ಬಿಟ್ಟಿದೆ, ದಾರದಲ್ಲಿ ಕಟ್ಟಿಟ್ಟಿದ್ದೇನೆ. ಶನಿವಾರ ಸಂಜೆ ನಾನೇ ತಂದುಕೊಡುತ್ತೇನೆ, ಆ ಹುಡುಗಿಯನ್ನೂ ಕರೆಸಿರಿ.