ಕುಲಾಂತರಿ ಬೇಡ ಅಂತ ಸಹಿ: ಕೊಡಗಿಗೆ ಇದರಿಂದ ಏನು?

ಗದ್ದೆಬದು: ಭಾನುವಾರ ಗೋಣಿಕೊಪ್ಪ ಬಸ್ ನಿಲ್ದಾಣದ ಹತ್ತಿರ ಪರಿಸರದ ಹುಡುಗರು ಕುಲಾಂತರಿ ಬೆಳೆ (ಬೇರೆ ಜೀವಿಯ ಜೀನ್ ಸೇರಿಸಿದ ಬೆಳೆ) ವಿರುದ್ಧ ಸಹಿ ಕೇಳುತ್ತಿದ್ದರು. ಬ್ಯಾನರಿನಲ್ಲಿ ಬದನೆಕಾಯಿ, ಅದಕ್ಕೊಂದು ತಲೆಬುರುಡೆ. ನಾನು ಹಾಕಲಿಲ್ಲ. ಹುಳ ಕೊಲ್ಲುವ ಬ್ಯಾಕ್ಟೀರಿಯಾ ಜೀನ್ ಸೇರಿಸಿದ ಬಿಟಿ ಬದನೆಗೆ 2010ರ ಫೆಬ್ರವರಿಯಲ್ಲೇ ಆಗಿನ ಕೇಂದ್ರ ಪರಿಸರ ಮಂತ್ರಿ ಜೈರಾಂ ರಮೇಶ್ ತಡೆ ಕೊಟ್ಟರು. ದೇಶದಲ್ಲಿ ರೈತರು ಕಾನೂನು ಪ್ರಕಾರ ಬೆಳೆಯುತ್ತಿರುವ ಕುಲಾಂತರಿ ಬೆಳೆ ಹತ್ತಿ ಒಂದೇ. ಕೊಡಗಲ್ಲಿ ಹತ್ತಿ ಯಾರು ಹಾಕುತ್ತಾರೆ?

ಬೀಜಬುಟ್ಟಿ: ಆ ಹುಡುಗರಲ್ಲಿ ನಾನೂ ಒಬ್ಬ. ತಡೆ ಸುಮ್ನೆ ಬಂದದ್ದಲ್ಲ. 2009ರ ಅಕ್ಟೋಬರ್‌ನಲ್ಲಿ ಕುಲಾಂತರಿ ಬೆಳೆ ಪರಿಶೀಲಿಸುವ ಕೇಂದ್ರ ಸಮಿತಿ ಜಿಇಎಸಿ ಬದನೆಗೆ ಒಪ್ಪಿಗೆ ಕೊಟ್ಟಾಗಿತ್ತು. ಜನ ಗಲಾಟೆ ಮಾಡಿದರು, ಬೆಂಗಳೂರೂ ಸೇರಿ ಹಲವು ಕಡೆ ಸಭೆ ನಡೆಯಿತು, ಆಮೇಲೆ ನಿಂತಿತು. 1998ರಲ್ಲಿ ನಂಜುಂಡಸ್ವಾಮಿಯವರ ರೈತ ಸಂಘ ರಾಯಚೂರು ಕಡೆ ಪ್ರಯೋಗದ ಹತ್ತಿಗೆ ಬೆಂಕಿ ಹಾಕಿದ್ದೂ ನೆನಪಿರಲಿ.

ಕಾಫಿಕುಡಿ: ಬೆಂಕಿ ಹಾಕಿ ಏನಾಯಿತು? 2002ರಲ್ಲಿ ಬಿಟಿ ಹತ್ತಿ ಬಂದೇ ಬಂತು, ಈಗ ಹೊಲದಲ್ಲಿ ಬಹುಪಾಲು ಅದೇ. ರೈತರೆಲ್ಲ ದಡ್ಡರಾ? ಸೋಮವಾರಪೇಟೆಯ ನನ್ನ ಅರೇಬಿಕಾ ಕಾಫಿ ತೋಟಕ್ಕೆ ಬಿಳಿ ಕಾಂಡಕೊರಕ ಹೊಕ್ಕಿದೆ, ವರ್ಷ ವರ್ಷ ಗಿಡ ಕಿತ್ತು ಸುಡುತ್ತಿದ್ದೇನೆ. ಬಿಟಿ ಕಾಫಿ ಕೊಟ್ಟರೆ ನಾಳೆಯೇ ನೆಡುತ್ತೇನೆ.

ಮಳೆಲೆಕ್ಕ: ಅಣ್ಣ, ಹತ್ತಿಗೆ ಹಾಕಿದ ಬಿಟಿ ಜೀನ್ ಪತಂಗದ ಮರಿಹುಳಕ್ಕೆ. ಕಾಂಡಕೊರಕ ದುಂಬಿ ಜಾತಿ, ಅದಕ್ಕೆ ಇದು ನಾಟುವುದಿಲ್ಲ. ಹತ್ತಿಯಲ್ಲೂ ಗುಲಾಬಿ ಕಾಯಿಕೊರಕ ಮೊದಲ ತಳಿಗೆ ಬಗ್ಗುತ್ತಿಲ್ಲ ಅಂತ 2010ರಲ್ಲಿ ಮೊನ್ಸಾಂಟೊ ಕಂಪನಿಯೇ ಒಪ್ಪಿಕೊಂಡಿತು. ಎರಡನೇ ತಳಿಯನ್ನೂ ಹುಳ ಆಮೇಲೆ ಅರಗಿಸಿಕೊಂಡಿತು.

ನನ್ನ ಚಿಂತೆ ಬೇರೆ. ರೋಬಸ್ಟಾ ಕಾಫಿ ಗಿಡಕ್ಕೆ ತನ್ನದೇ ಪರಾಗ ಆಗುವುದಿಲ್ಲ, ಬೇರೆ ಗಿಡದ್ದು ಬೇಕು. ಹೂಮಳೆ ಬಿದ್ದು ತೋಟ ಬೆಳ್ಳಗಾದಾಗ ಗಾಳಿ, ಜೇನು ಎರಡೂ ಅದನ್ನು ಹೊತ್ತು ತಿರುಗುತ್ತವೆ. ಪಕ್ಕದವರು ಕುಲಾಂತರಿ ರೋಬಸ್ಟಾ ಹಾಕಿದರೆ ನನ್ನ ಕಾಯೊಳಗೂ ಅದು ಬರುತ್ತದೆ. ಬೇಲಿ ತಡೆಯುತ್ತದಾ? ನಮ್ಮ ಕಾಫಿಯ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ, ಇಟಲಿ ದೊಡ್ಡ ಗಿರಾಕಿ. ಅಮೆರಿಕದಲ್ಲಿ 2006ರಲ್ಲಿ ಒಪ್ಪಿಗೆ ಇಲ್ಲದ ಕುಲಾಂತರಿ ಭತ್ತ ಮಾಮೂಲಿ ಅಕ್ಕಿಗೆ ಬೆರೆತದ್ದು ಸಿಕ್ಕಿಬಿತ್ತು. ಯೂರೋಪ್ ಬಾಗಿಲು ಬಿಗಿ ಮಾಡಿತು, ಬೆಲೆ ಬಿತ್ತು. ಆ ತಳಿಯ ಒಡೆಯ ಬೇಯರ್ ಕಂಪನಿ ರೈತರಿಗೆ 75 ಕೋಟಿ ಡಾಲರ್ ಕೊಡಲು ಒಪ್ಪಿದ್ದು 2011ರಲ್ಲಿ, ಕೋರ್ಟು ಅಲೆದ ಮೇಲೆ. ನಮ್ಮಲ್ಲಿ ಹಾಗಾದರೆ ಯಾರ ಬಾಗಿಲಿಗೆ ಹೋಗೋಣ?

ಗದ್ದೆಬದು: ಇದನ್ನು ಬ್ಯಾನರಿನಲ್ಲಿ ಬರೆಯಬಾರದಿತ್ತಾ ಮಾರಾಯ್ರೆ? ನಮ್ಮ ಗದ್ದೆ ಪಾಳು ಬೀಳುತ್ತಿರುವುದಂತೂ ಆನೆ ಕಾಟಕ್ಕೆ, ಆಳು ಸಿಗದ್ದಕ್ಕೆ. ಆನೆ ಮುಟ್ಟದ ಭತ್ತ ಯಾರಾದರೂ ಮಾಡಿದರೆ ನಾನೇ ಹಾರ ಹಾಕುತ್ತೇನೆ.

ಪುತ್ತರಿಕದಿರು: ಭತ್ತದ ಮಾತು ಬಂತಲ್ಲ, ಅಲ್ಲೇ ಬೇರೆ ಕಥೆ ಇದೆ. 2025ರ ಮೇನಲ್ಲಿ ಜೀನ್ ತಿದ್ದಿದ ಎರಡು ತಳಿ ಪ್ರಕಟಿಸಿದರು, ಒಂದು ಕಮಲಾ, ಇನ್ನೊಂದು ಪೂಸಾ ಡಿಎಸ್‌ಟಿ ರೈಸ್ 1. ಇಂಥವನ್ನು 2022ರಲ್ಲೇ ಕುಲಾಂತರಿ ನಿಯಮದಿಂದ ಹೊರಗಿಟ್ಟಿದ್ದಾರೆ. ಬದನೆಗೆ ನಡೆದ ಹಾಗೆ ಊರೂರಲ್ಲಿ ಸಭೆ ನಡೆಯಿತಾ? ಪುತ್ತರಿ ಹಬ್ಬಕ್ಕೆ ಕದಿರು ತೆಗೆಯುವವರು ಇದನ್ನು ಕೇಳಬೇಕು ಅಲ್ವಾ?

ಕಾಫಿಕುಡಿ: ಅಕ್ಕ, ಅವು ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ ಐಸಿಎಆರ್‌ನ ತಳಿಗಳು, ಬೀಜದ ಕಂಪನಿಯದ್ದಲ್ಲ. ಹೊರಗಿನ ಜೀನ್ ಸೇರಿಸಿಲ್ಲ, ಇದ್ದದ್ದನ್ನೇ ತಿದ್ದಿದ್ದು. ಎಲ್ಲಕ್ಕೂ ಬೇಡ ಅಂದರೆ ಫಿಲಿಪ್ಪೀನ್ಸಿನ ಹಾಗಾಗುತ್ತದೆ. ಮಕ್ಕಳ ವಿಟಮಿನ್ ಎ ಕೊರತೆಗೆ ಅಂತ ಮಾಡಿದ ಗೋಲ್ಡನ್ ರೈಸ್ ಪ್ರಯೋಗದ ಗದ್ದೆಯನ್ನು 2013ರಲ್ಲಿ ಅಲ್ಲಿ ತುಳಿದು ಹಾಕಿದರು.

ಪುತ್ತರಿಕದಿರು: ತುಳಿಯಿರಿ ಅಂತ ನಾನೆಲ್ಲಿ ಹೇಳಿದೆ? ಚೀಲದ ಮೇಲೆ ಬರೆಯಲಿ, ಅಷ್ಟೇ. ಸರ್ಕಾರದ್ದಾದರೆ ಮುಚ್ಚಿಡುವುದು ಯಾಕೆ?

ಮಳೆಲೆಕ್ಕ: ಕುಲಾಂತರಿ, ಜೀನ್ ತಿದ್ದಿದ್ದು ಎರಡನ್ನೂ ಒಂದೇ ಅರ್ಜಿಗೆ ತುರುಕಬೇಡಿ. ಬೆರಕೆಯಾಗಿ ನಷ್ಟವಾದರೆ ಪರಿಹಾರ ಕೊಡುವವರು ಯಾರು, ಮೊದಲು ಆ ಕಾನೂನು ಮಾಡಿ ಅಂತ ಬರೆಯಿರಿ. ನಾನು ಸಹಿ ಹಾಕುತ್ತೇನೆ, ಕಾಫಿಕುಡಿಯವರೂ ಹಾಕಬಹುದು.

ಕಾಫಿಕುಡಿ: ಬೆಂಕಿಯ ಮಾತು ಇಲ್ಲದಿದ್ದರೆ ನೋಡೋಣ.

ಬೀಜಬುಟ್ಟಿ: ಅಷ್ಟುದ್ದ ಓದುವುದಕ್ಕೆ ಬಸ್ಸಿಗೆ ಕಾಯುವವರಿಗೆ ಪುರುಸೊತ್ತು ಇರುವುದಿಲ್ಲ ಅಣ್ಣ. ಕರಡು ನೀವೇ ಬರೆದು ಇಲ್ಲಿ ಹಾಕಿ, ಅರ್ಧ ಪುಟ ಮೀರದ ಹಾಗೆ.